ನಿಲ್ಲಿಸಿದರೆ ಬಂದ್ ಆಗುವ ಕಾರು ಮತ್ತು ಹಾವೇರಿಯ ನಾಲ್ಕು ಊರು

ಓಡುವಾಗ ಚೆನ್ನಾಗಿ ಓಡಿ, ನಿಲ್ಲಿಸುವಾಗ ಮಾತ್ರ ಎಂಜಿನ್ ಬಂದ್ ಆಗುವ ಕಾರನ್ನು ಹುಬ್ಬಳ್ಳಿಯ ಟ್ರಾಫಿಕ್‌ನಲ್ಲಿ ಅರ್ಥ ಮಾಡಿಕೊಳ್ಳೋದು ಕಷ್ಟ. ಬ್ರೇಕು, ಕ್ಲಚ್ಚು, ಎಸಿ, ಹಿಂದಿನವರ ಹಾರ್ನು, ಎಲ್ಲಾ ಒಂದೇ ಹೊತ್ತಿಗೆ. ಹಾವೇರಿ ಜಿಲ್ಲೆಯ ರಸ್ತೆಗಳು ಇದಕ್ಕೆ ಅನುಕೂಲ. ಸ್ವಲ್ಪ ದೂರ ಸಲೀಸು, ಆಮೇಲೊಂದು ಊರು, ಊರಿಗೆ ಮೊದಲೊಂದು ಹಂಪ್.

ಹಿರೇಕೆರೂರಿನಲ್ಲಿರುವ ಅಪ್ಪನಿಗೆ ಸೋಮವಾರ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್. ಆಮೇಲೆ ಬಸ್ಸಿನ ಧೂಳಿನಲ್ಲಿ ವಾಪಸ್ ಕಳಿಸುವಂತಿಲ್ಲ. ನನ್ನ ಕೈಯಲ್ಲಿದ್ದದ್ದು ಎರಡು ದಿನ, ಹದಿನಾಲ್ಕು ವರ್ಷದ ಒಂದು ಪೆಟ್ರೋಲ್ ಕಾರು. ಪರಿಚಯದವರೊಬ್ಬರು ಗಾಡಿ ನೋಡದೇ ‘ಫ್ಯೂಯಲ್ ಪಂಪ್ ಬದಲಿಸಿ’ ಅಂದಿದ್ದರು. ಸಾವಿರಾರು ರೂಪಾಯಿಯ ಮಾತು.

ಶಿಗ್ಗಾಂವಿವರೆಗೆ ರಾಷ್ಟ್ರೀಯ ಹೆದ್ದಾರಿ 48. ಕನಕದಾಸರ ಬಾಡ, ಶರೀಫರ ಶಿಶುನಾಳ ಎರಡೂ ಇದೇ ತಾಲ್ಲೂಕಿನವು, ಆದರೆ ಹೆದ್ದಾರಿಯ ವೇಗದಲ್ಲಿ ಎರಡೂ ಗಮನಕ್ಕೆ ಬರಲ್ಲ. ಎಂಬತ್ತರ ವೇಗದಲ್ಲಿ ಗಾಡಿಯದು ಒಂದು ತಕರಾರಿಲ್ಲ. ಸರ್ವಿಸ್ ರಸ್ತೆಗೆ ಇಳಿದು ಕ್ಲಚ್ ಒತ್ತಿದ್ದೇ ತಡ, ಆರ್‌ಪಿಎಂ ಮುಳ್ಳು ಎಂಟುನೂರರಲ್ಲಿ ನಿಲ್ಲಬೇಕಾದದ್ದು ಸೀದಾ ಸೊನ್ನೆಗೆ ಬಿತ್ತು.

ಹೀಗಾದಾಗ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕೂ ಹಿಡಿಯುತ್ತದೆ. ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಒಂದೆರಡು ಸಲಕ್ಕೆ ಮಾತ್ರ ಸಾಕು, ಹಾಗಾಗಿ ಪೆಡಲ್ ಪದೇ ಪದೇ ಒತ್ತಬಾರದು. ಒಮ್ಮೆ ಒತ್ತಿ ಹಿಡಿದುಕೊಳ್ಳಬೇಕು. ಕೀಲಿಯನ್ನಂತೂ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ಮತ್ತೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ಇದು ಮೊದಲ ಸುಳಿವು. ಪಂಪ್ ಸೋತಿದ್ದರೆ ಹೆದ್ದಾರಿಯ ವೇಗದಲ್ಲೇ ಎಳೆತ ಕಡಿಮೆಯಾಗಬೇಕಿತ್ತು. ಕ್ರ್ಯಾಂಕ್ ಸೆನ್ಸರ್ ಆಗಿದ್ದರೆ ಬಿಸಿ ಎಂಜಿನ್ ಇಷ್ಟು ಸುಲಭಕ್ಕೆ ಮತ್ತೆ ಹತ್ತುವುದು ಅಪರೂಪ.

ಸವಣೂರಿನಲ್ಲಿ ಅಕ್ಕನ ಮನೆ. ನವಾಬರ ಕಾಲದ ಊರು, ಓಣಿಗಳು ಇಕ್ಕಟ್ಟು. ಎಸಿ ಹಾಕಿದ್ದಾಗ ಪ್ರತಿ ತಿರುವಿನಲ್ಲೂ ಬಂದ್, ಎಸಿ ತೆಗೆದರೆ ಮೂರರಲ್ಲಿ ಒಂದು ಸಲ. ಎರಡನೇ ಸುಳಿವು. ದೊಡ್ಡಹುಣಸೆ ಮಠದ ಕಡೆ ಹೋಗಿ ಗಾಡಿ ನಿಲ್ಲಿಸಿದೆ. ಹೆಸರು ಹುಣಸೆ ಆದರೂ ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಅಂಥ ಬೊಡ್ಡೆ ನಮ್ಮ ಕಡೆ ಬೇರೆಲ್ಲೂ ನಾನು ಕಂಡಿಲ್ಲ. ಅಲ್ಲೇ ಬ್ರೇಕ್ ಬೂಸ್ಟರ್ ಪರೀಕ್ಷೆ. ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಇಳಿಯಿತು. ಗಾಳಿ ಸೋರುವ ‘ಸುಸ್’ ಸದ್ದೂ ಇರಲಿಲ್ಲ.

ಅಕ್ಕನ ತೀರ್ಪು ಬೇರೆ. “ಈ ಡಬ್ಬಿ ಮಾರಿಬಿಡೋ ತಮ್ಮಾ. ಇದ್ರಾಗ ಅಪ್ಪನ್ನ ಕುಂದ್ರಿಸಿಕೊಂಡು ಹೋಗ್ತೀಯೇನು?” ಉತ್ತರ ಇರಲಿಲ್ಲ. ಅವಳು ಕಟ್ಟಿಕೊಟ್ಟ ಸವಣೂರು ಖಾರ ತಿನ್ನುತ್ತಾ ಬಂಕಾಪುರದ ಮೇಲಿಂದ ಹಾನಗಲ್ ರಸ್ತೆ ಹಿಡಿದೆ.

ಹಾನಗಲ್ ಸಮೀಪಿಸಿದಂತೆ ಬಯಲು ಸೀಮೆ ಮುಗಿದು ಭತ್ತದ ಗದ್ದೆ ಶುರು, ಮಲೆನಾಡಿನ ಸೆರಗು. ಅಲ್ಲೊಂದು ತಗಡಿನ ಶೆಡ್ಡು. ನಾನು ಪಂಪು, ಸೆನ್ಸರು ಅಂತ ಶುರು ಮಾಡಿದೆ. ಮೇಸ್ತ್ರಿ ಕೈ ಅಡ್ಡ ಹಿಡಿದರು. “ಅದೆಲ್ಲಾ ಬಿಡ್ರಿ ಸರ. ಯಾವಾಗ ಬಂದ್ ಆಕ್ಕೈತಿ, ಅದನ್ನಷ್ಟ ಹೇಳ್ರಿ.” ಹೇಳಿದೆ. ಅವರು ಸ್ಕ್ಯಾನರ್ ಕೂಡ ತೆಗೆಯಲಿಲ್ಲ. “ಉಸಿರು ಕಟ್ಟೈತ್ರಿ ಇದಕ್ಕ.”

ಮಾತು ಅಕ್ಷರಶಃ ನಿಜ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್‌ನ ಚಿಟ್ಟೆಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ ಉಸಿರಾಡೋದು ಪಕ್ಕದ ಸಣ್ಣ ದಾರಿಯಲ್ಲಿ. ಅದನ್ನು ಹಿಗ್ಗಿಸಿ ಕುಗ್ಗಿಸುವುದು ಐಡಲ್ ವಾಲ್ವ್. ಆ ದಾರಿಯಲ್ಲಿ ಮಸಿ ಕಟ್ಟಿದರೆ ಗಾಳಿ ಸಾಲದು, ಎಸಿಯ ಭಾರ ಬಿದ್ದರಂತೂ ಮುಗೀತು. ಬಿಚ್ಚಿ ತೋರಿಸಿದಾಗ ಒಳಗೆ ಒಲೆಯ ಮೇಲಿನ ಗೋಡೆಯಂಥ ಕಪ್ಪು.

ಸ್ಪ್ರೇ, ಮೆತ್ತನೆ ಬಟ್ಟೆ, ಹಳೇ ಹಲ್ಲುಜ್ಜುವ ಬ್ರಷ್. ಒಂದೂವರೆ ಗಂಟೆ ಕೆಲಸ. ನನ್ನದು ಕೇಬಲ್ ಥ್ರಾಟಲ್. ಹೊಸ ಗಾಡಿಗಳ ಎಲೆಕ್ಟ್ರಾನಿಕ್ ಥ್ರಾಟಲ್‌ಗೆ ಬೆರಳು ಹಾಕಿ ತಳ್ಳಬಾರದು, ತೊಳೆದ ಮೇಲೆ ಹಲವಕ್ಕೆ ಸ್ಕ್ಯಾನರ್‌ನಿಂದ ಮತ್ತೆ ಹೊಂದಿಸಬೇಕು ಅಂತ ಅವರೇ ಎಚ್ಚರಿಸಿದರು.

ಆ ಹೊತ್ತಲ್ಲಿ ತಾರಕೇಶ್ವರ ಗುಡಿಗೆ ಹೋಗಿ ಬಂದೆ. ಮಂಟಪದ ನಡುವೆ ನಿಂತು ತಲೆ ಎತ್ತಿದರೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ. ಗಾಡಿ ಕೆಡದಿದ್ದರೆ ಎಂದಿನಂತೆ ಹೊರಗಿನಿಂದಲೇ ಕೈ ಮುಗಿದು ಹೋಗುತ್ತಿದ್ದೆ.

ಕೂಲಿ ಆರುನೂರು, ಸ್ಪ್ರೇ ಡಬ್ಬಿ ಬೇರೆ. ಫ್ಯಾನ್ ಎರಡು ಸಲ ತಿರುಗುವವರೆಗೆ ಎಸಿ ಇಲ್ಲದೆ, ಆಮೇಲೆ ಎಸಿ ಹಾಕಿ ನಿಲ್ಲಿಸಿದಲ್ಲೇ ಓಡಿಸಿದರು. ಮುಳ್ಳು ಎಂಟುನೂರು ಬಿಟ್ಟು ಅಲ್ಲಾಡಲಿಲ್ಲ. “ತಿಂಗಳದಾಗ ಮತ್ತ ಹಿಂಗಾದ್ರ ವಾಲ್ವ್ ಬದಲಿ ಮಾಡಬೇಕ್ರಿ, ತೊಳದ್ರ ಆಗಂಗಿಲ್ಲ” ಅಂದರು.

ಹಿರೇಕೆರೂರಿನ ದಾರಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಹರವಿದ್ದರು. ಪದೇ ಪದೇ ನಿಲ್ಲಿಸಬೇಕಾಯಿತು. ಎಸಿ, ಹೆಡ್‌ಲೈಟ್ ಎರಡೂ ಹಾಕಿಕೊಂಡೇ ನಿಲ್ಲಿಸಿದೆ. ಒಮ್ಮೆಯೂ ಬಂದ್ ಆಗಲಿಲ್ಲ.

ಸೋಮವಾರ ನಸುಕಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತರು. ಊರು ದಾಟುವ ಮೊದಲೇ ಅವರದು ಒಂದೇ ತಕರಾರು: “ಆ ಎಸಿ ಬಂದ್ ಮಾಡಪಾ, ಥಂಡಿ ಹತ್ತಾಕತ್ತೈತಿ.”