ಬಿಸಿಲು ಬೇರೆ, ಸೆಖೆ ಬೇರೆ

ಏಪ್ರಿಲ್ ಬಂತೆಂದರೆ ನಮ್ಮ ಬೆಂಗಳೂರು ಆಫೀಸಿನಲ್ಲಿ ಡಿಗ್ರಿಯದ್ದೇ ಮಾತು. ಕಲಬುರಗಿಯ ಗೆಳೆಯ 42 ಅಂತಾನೆ. ಬಂಟ್ವಾಳದವಳಾದ ನಾನು 34 ಅಂದರೆ “ಅಷ್ಟೇನಾ?” ಅಂತ ನಗು. ನಮ್ಮೂರಿನ ಕಷ್ಟ ಡಿಗ್ರಿಯಲ್ಲಿ ಇಲ್ಲ ಮಾರಾಯ್ರೇ, ಅದಕ್ಕೆ ಬೇರೆಯೇ ಶಬ್ದ ಉಂಟು: ಸೆಖೆ.

ಬಿಸಿಲು ಅಂಗಳದಲ್ಲಿರ್ತದೆ, ಸೆಖೆ ಮೈಗೆ ಆಗ್ತದೆ. “ನನಗೆ ಹಸಿವಾಗ್ತದೆ” ಅಂದ ಹಾಗೆಯೇ “ನನಗೆ ಸೆಖೆ ಆಗ್ತದೆ” ಅಂತೇವೆ. “ನನಗೆ ಬಿಸಿಲಾಗ್ತದೆ” ಅಂತ ಯಾರೂ ಹೇಳುವುದಿಲ್ಲ. ತುಳುವಿನಲ್ಲೂ ಬಿಸಿಲಿಗೆ ದೊಂಬು, ಇದಕ್ಕೆ ಸೆಕೆ. ಮೋಡ ಮುಚ್ಚಿದ ದಿನವೂ ಸೆಖೆ ಉಂಟು, ರಾತ್ರಿ ಹನ್ನೊಂದಕ್ಕೆ ಕರೆಂಟು ಹೋದಾಗಲಂತೂ ಕೇಳುವುದೇ ಬೇಡ.

ಕಾರಣ ಸರಳ. ಬೆವರು ಆರಿದರೆ ಮಾತ್ರ ಮೈ ತಂಪಾಗ್ತದೆ. ಒಣಗಾಳಿಯಲ್ಲಿ ಅದು ಬೇಗ ಆರ್ತದೆ. ನಮ್ಮಲ್ಲಿ ಗಾಳಿಯ ತುಂಬ ಕಡಲಿನ ತೇವ. ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ.

ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಬಯಲುಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಆಗಬೇಕು, ಕರಾವಳಿಯಲ್ಲಿ 37. ಅಂದರೆ 34 ಡಿಗ್ರಿಯ ಸೆಖೆಗೆ ಮೊಬೈಲಿನಲ್ಲಿ ಯಾವ ಎಚ್ಚರಿಕೆಯೂ ಬಾರದಿರಬಹುದು.

ನನ್ನ ಚಿಂತೆ ಇರುವುದು ಇಲ್ಲೇ. ಅಪ್ಪನಿಗೆ ಅರವತ್ತೆಂಟು, ಬಿಪಿ ಮಾತ್ರೆ ಉಂಟು. ಸುಡುಬಿಸಿಲಿದ್ದರೆ ಅವರೇ ಮಧ್ಯಾಹ್ನ ಚಾವಡಿಯಲ್ಲಿ ಮಲಗ್ತಾರೆ. ಮೋಡ ಇದ್ದ ದಿನವೇ ಅಪಾಯ. “ಬಿಸಿಲಿಲ್ಲ ಅಲ್ವಾ ಮಗಾ” ಅಂತ ತೋಟಕ್ಕೆ ಇಳಿದು ಅಡಿಕೆ ಬುಡಕ್ಕೆ ನೀರು ಬಿಡ್ತಾ ಇರ್ತಾರೆ. ಅಂಗಿ ಹಿಂಡಿದರೆ ನೀರು.

ಹಾಗಾಗಿ ಈಗ ಫೋನಿನಲ್ಲಿ ನಾನು ಡಿಗ್ರಿ ಕೇಳುವುದಿಲ್ಲ, “ಅಮ್ಮ, ಸೆಖೆ ಹೇಗುಂಟು?” ಅಂತ ಕೇಳ್ತೇನೆ. “ಭಯಂಕರ” ಅಂದರೆ ಅಪ್ಪನಿಗೆ ಫೋನ್ ಕೊಡಿಸಿ, ನಾಲ್ಕು ಗಂಟೆ ಆಗದೆ ತೋಟ ಬೇಡ ಅಂತೇನೆ. ಗಂಜಿ ತಿಳಿಗೆ ಉಪ್ಪು ಹಾಕಿ ಕೊಡುವುದು ಅಮ್ಮನ ಕೆಲಸ. ಪುನರ್ಪುಳಿ ಶರಬತ್ತು ಇದ್ದರೆ ಇನ್ನೂ ಒಳ್ಳೆಯದು.

ಮೂಡುಬಿದಿರೆಯ ಅತ್ತೆಗೆ ಸೆಖೆ ಅಂದರೆ ಮುನ್ಸೂಚನೆ: “ಇಷ್ಟು ಸೆಖೆಗೆ ಸಂಜೆ ಗುಡುಗು ಬಾರದೆ ಇರ್ತದಾ?” ಬೆಳ್ತಂಗಡಿಯ ಮಾವ ಚಾರ್ಮಾಡಿ ಕಡೆ ಮೋಡ ನೋಡಿ ಹೌದು ಅಂತಾರೆ. ಕೆಲವೊಮ್ಮೆ ಬರ್ತದೆ, ಕೆಲವೊಮ್ಮೆ ಇಲ್ಲ.

ನಿಮ್ಮ ಮನೆಯವರೂ ಕರಾವಳಿಯಲ್ಲಿದ್ದರೆ, ಮೋಡದ ದಿನವೂ ಒಂದು ಫೋನ್ ಮಾಡಿ.