ಮಂದಣ್ಣ, ರಾಮಿ ಮತ್ತು ಅಮ್ಮ

ಹೈಸ್ಕೂಲಿನ ಒಂದು ಮಳೆಗಾಲದಲ್ಲಿ ತೇಜಸ್ವಿಯವರ ‘ಕರ್ವಾಲೊ’ ಓದಿದ್ದು ಹಾರುವ ಓತಿಗಾಗಿ. 1980ರಲ್ಲಿ ಬಂದ ಆ ಕಾದಂಬರಿಯ ಮೂಡಿಗೆರೆಗೂ ನಮ್ಮ ಮಾರನಹಳ್ಳಿಗೂ ಒಂದೇ ಮಳೆ, ಒಂದೇ ಜಿಗಣೆ. ಮಂದಣ್ಣ ಪ್ಯೂನ್ ಕೆಲಸಕ್ಕೆ ಒದ್ದಾಡುವುದು, ರಾಮಿಯ ಮೇಲಿನ ಆಸೆ, ಮದುವೆ, ಇವನ್ನೆಲ್ಲ ಅವಸರದಲ್ಲಿ ದಾಟಿಬಿಟ್ಟಿದ್ದೆ.

ಅಪ್ಪ ತೀರಿಕೊಂಡ ವರ್ಷ ಮತ್ತೆ ಓದಿದೆ. ಅಪ್ಪ, ಅಮ್ಮ ಇಬ್ಬರೂ ಕಾಫಿ ತೋಟದ ಕೂಲಿಗೆ ಹೋಗುತ್ತಿದ್ದವರು. ಅವರದು ಯಾರೂ ನೋಡಿ ಮಾಡಿದ ಮದುವೆಯಲ್ಲ. ‘ಕೊಯ್ಲಲ್ಲಿ ಅಕ್ಕಪಕ್ಕದ ಸಾಲು ಸಿಕ್ತು, ಅಷ್ಟೇಯ. ನನ್ ಚೀಲಾನೂ ಅವ್ರೇ ಹೊತ್ಕಂಡ್ ಬರೋರು’ ಅನ್ನುತ್ತಿದ್ದಳು ಅಮ್ಮ. ತೋಟದ ಕತೆಯನ್ನು ಯಾರಾದರೂ ಬರೆದಿದ್ದರೆ ಅದು ಸಾಹುಕಾರರ ಕತೆಯಾಗುತ್ತಿತ್ತು. ಇವರಿಬ್ಬರಿಗೆ ಅದರಲ್ಲಿ ಅರ್ಧ ಸಾಲು ಸಿಗುತ್ತಿತ್ತೋ ಇಲ್ಲವೋ.

ವಿಜ್ಞಾನಿ ಕೋಟ್ಯಂತರ ವರ್ಷದ ಹಿಂದಿನ ಜೀವಿಯನ್ನು ಹುಡುಕುತ್ತಿದ್ದಾಗ, ಅದನ್ನು ಕಣ್ಣಾರೆ ಕಂಡ ಮಂದಣ್ಣನಿಗೆ ಬೇಕಿದ್ದದ್ದು ಒಂದು ಕೆಲಸ, ಜೊತೆಗೆ ರಾಮಿ. ತೇಜಸ್ವಿ ಅದನ್ನು ನಗಿಸುತ್ತಲೇ ಬರೆದರು, ಆದರೆ ಬಿಟ್ಟುಬಿಡಲಿಲ್ಲ. ಕೊನೆಗೆ ಓತಿ ಕಣಿವೆಗೆ ಹಾರಿ ಕೈತಪ್ಪುತ್ತದೆ. ಮಂದಣ್ಣನ ಮದುವೆಯಂತೂ ಆಗಿಹೋಗಿರುತ್ತದೆ.

ಕತೆಯನ್ನು ಅಮ್ಮನಿಗೆ ಹೇಳಿದೆ. ಓತಿಯ ಬಗ್ಗೆ ಅವಳು ಏನೂ ಕೇಳಲಿಲ್ಲ.

‘ಆ ಹುಡುಗಿ ಏನಂದ್ಳಂತೆ?’ ಅಂದಳು.

ಉತ್ತರ ಹುಡುಕಲು ಮತ್ತೆ ಪುಟ ತಿರುಗಿಸತೊಡಗಿದೆ.