ಎಷ್ಟನೇ ಕೂಸು?

ಸಿರುಗುಪ್ಪದಿಂದ ತಂಗಿಯ ಕೂಸನ್ನು ಬಳ್ಳಾರಿಗೆ ಕರಕೊಂಡು ಬಂದಾಗ ಅದಕ್ಕೆ ಮೂರು ತಿಂಗಳು. ನಿಲ್ಲದ ಭೇದಿ, ನಾಲಿಗೆ ಮೇಲೆ ಒರೆಸಿದರೂ ಹೋಗದ ಬಿಳಿ ಪದರ, ಎಡ ಕಂಕುಳಲ್ಲಿ ಗಂಟು. "ಎಷ್ಟನೇ ಕೂಸು?" ಅಂದರು ಡಾಕ್ಟರು. "ಇದೇ ಮೊದಲ್ನೇದ್ರಿ" ಅಂದಳು ಅವ್ವ. ಪಕ್ಕದಲ್ಲೇ ಇದ್ದ ನಾನು ಸುಮ್ಮನಿದ್ದೆ.

ಮೊದಲನೇದು ಐದು ತಿಂಗಳಿಗೆ ಕುರುಗೋಡಿನ ನಮ್ಮ ಮನೆಯಲ್ಲೇ ಹೋಗಿತ್ತು. ನ್ಯುಮೋನಿಯಾ ಅಂದರು, ದೃಷ್ಟಿ ಅಂದರು. ಹೋದ ಕೂಸಿನ ಮಾತು ಇರೋ ಕೂಸಿನ ಮುಂದೆ ಆಡಬಾರದು ಅನ್ನೋದು ಅವ್ವನ ನಂಬಿಕೆ. ಔಷಧಿ ತಗೊಂಡು ವಾಪಸಾದೆವು. ಆರು ವಾರ ಹಾಗೇ ಕಳೀತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಬಂದಾಗ ನಾನೇ ಹೇಳಿದೆ: "ಎರಡನೇದು ಸರ್. ಮೊದಲನೇದು ತೀರಿಕೊಂತು." ಡಾಕ್ಟರು ತಲೆ ಎತ್ತಿದರು. "ಗಂಡ ಹೆಂಡತಿ ಸಂಬಂಧಿಕರಾ?" ಹೌದು, ಸೋದರಮಾವನಿಗೇ ಕೊಟ್ಟಿದ್ದು. ನಮ್ಮ ಕಡೆ ಅದೇನು ಹೊಸದಲ್ಲ.

ಕಾಯಿಲೆಯ ಹೆಸರು ಸ್ಕಿಡ್. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಬಲಿಯಬೇಕಾದ ಟಿ ಕಣಗಳು, ಒಂದೇ ಒಂದು ಜೀನ್ ಕೆಟ್ಟರೂ ತಯಾರಾಗದೇ ಹೋಗಬಹುದು. ಆಗ ಮೈಗೆ ಕಾವಲೇ ಇಲ್ಲ. ಹುಟ್ಟಿದಾಗ ಎಡತೋಳಿಗೆ ಹಾಕುವ ಬಿಸಿಜಿಯಲ್ಲಿರುವುದು ಬಲ ಕುಂದಿಸಿದ, ಆದರೆ ಜೀವಂತ ಬ್ಯಾಕ್ಟೀರಿಯಾ. ಬೇರೆ ಮಕ್ಕಳನ್ನು ಕಾಯುವ ಆ ಲಸಿಕೆಯೇ ಇಂಥ ಕೂಸಿನ ಮೈಯೆಲ್ಲ ಹರಡಬಹುದು. ಕಂಕುಳ ಗಂಟು ಅದರದೇ. ಹೆರಿಗೆಯ ದಿನವೇ ಮೊದಲನೇದರ ಸಂಗತಿ ಹೇಳಿದ್ದರೆ ಬಿಸಿಜಿ ತಡೆಯಬಹುದಿತ್ತು.

ಸೋದರಮಾವ, ಸೊಸೆಯ ನಡುವೆ ಸುಮಾರು ಕಾಲು ಭಾಗ ಜೀನ್ ಹಂಚಿಕೆ. ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಅಪಾಯ. ಹಾಗಂತ ಸಂಬಂಧದ ಮದುವೆಯೊಂದೇ ಕಾರಣ ಅಲ್ಲ. ಸ್ಕಿಡ್‌ನ ಒಂದು ಬಗೆ ತಾಯಿಯ ಎಕ್ಸ್ ವರ್ಣತಂತುವಿನಿಂದ ಗಂಡುಮಕ್ಕಳಿಗೆ ಬರುತ್ತದೆ. ಅಮೆರಿಕದ ಡೇವಿಡ್ ವೆಟ್ಟರ್‌ಗೆ ಇದ್ದದ್ದು ಅದು. ಅವನ ಅಣ್ಣ ಏಳು ತಿಂಗಳಿಗೇ ತೀರಿಕೊಂಡಿದ್ದ. ಅದು ಗೊತ್ತಿದ್ದರಿಂದಲೇ 1971ರಲ್ಲಿ ಇವನನ್ನು ಹುಟ್ಟಿದೊಡನೆ ಪ್ಲಾಸ್ಟಿಕ್ ಗುಳ್ಳೆಯೊಳಗಿಟ್ಟರು; 12 ವರ್ಷ ಬದುಕಿದ.

ಈಗ ಅಸ್ಥಿಮಜ್ಜೆ ಕಸಿ ಇದೆ. ಮೂರೂವರೆ ತಿಂಗಳೊಳಗೆ ಆದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿದ ಲೆಕ್ಕ ಅಮೆರಿಕದಲ್ಲಿದೆ. 2021ರ ನಮ್ಮ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೂ ಸ್ಕಿಡ್ ಇರೋದು ಒಮ್ಮೆಯ ಚಿಕಿತ್ಸೆಯಿಂದ ಗುಣವಾಗುವ ಗುಂಪಿನಲ್ಲಿ. ಸುಳಿವು ಸಾದಾ ಸಿಬಿಸಿಯಲ್ಲೇ ಸಿಗುತ್ತದೆ: ಎಳೆಗೂಸಿನ ಲಿಂಫೊಸೈಟ್ 3,000ಕ್ಕಿಂತ ಕಡಿಮೆ ಇದ್ದರೆ ಅನುಮಾನಿಸಬೇಕು. ನಮ್ಮ ಕೂಸಿನದು 400. ದಾನಿ ಸಿಗುವಷ್ಟರಲ್ಲಿ ಅದೂ ಹೋಯಿತು.

ತಂಗಿ ಈಗ ಮತ್ತೆ ಬಸುರಿ. ಗಂಡ ಹೆಂಡತಿ ಇಬ್ಬರದೂ ಜೀನ್ ಪರೀಕ್ಷೆ ಆಗಿ ದೋಷ ಯಾವುದಂತ ತಿಳಿದಿದೆ; ಹಾಗಾಗಿ ಹೊಟ್ಟೆಯಲ್ಲಿರುವಾಗಲೇ ಕೂಸನ್ನು ಪರೀಕ್ಷಿಸಬಹುದು. ಮೊನ್ನೆ ಸಿರುಗುಪ್ಪದಲ್ಲಿ ತಾಯಿ ಕಾರ್ಡ್ ಬರೆಯುತ್ತಾ ನರ್ಸಮ್ಮ ಕೇಳಿದರು, "ಎಷ್ಟನೇದವ್ವಾ?"

ತಂಗಿ ತಲೆ ತಗ್ಗಿಸಿದಳು. ಅವ್ವನೇ ಅಂದಳು: "ಮೂರನೇದು. ಎರಡು ಹೋಗ್ಯಾವು. ಬರಕೋ ಯವ್ವಾ."